ಕೋಟಿ ರೂಪಾಯಿಯ ಬೈಕಿಗೆ ಈ ಊರಿನಲ್ಲಿ ಜಾಗವೆಲ್ಲಿ?

ಟ್ರಿನಿಟಿ ವೃತ್ತದಿಂದ ಹಲಸೂರಿಗೆ ಇಳಿದು, ಇಂದಿರಾನಗರದ ಅಂಚನ್ನು ಸವರಿಕೊಂಡು, ಟಿನ್ ಫ್ಯಾಕ್ಟರಿಯ ಗದ್ದಲ ದಾಟಿ, ಕೆ.ಆರ್. ಪುರದ ತೂಗುಸೇತುವೆ ಹತ್ತಿ ಹೊಸಕೋಟೆಯತ್ತ ಸಾಗುವ ಹಳೇ ಮದ್ರಾಸ್ ರಸ್ತೆಯನ್ನು ಬಿಡದೆ ಹಿಡಿದು ಹೋದರೆ ಕೋಲಾರ, ಮುಳಬಾಗಿಲು, ಚಿತ್ತೂರು, ರಾಣಿಪೇಟೆ ಕಳೆದು ಸುಮಾರು 300 ಕಿಲೋಮೀಟರಿಗೆ ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟ್ಟೈ ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ 3.7 ಕಿ.ಮೀ. ಉದ್ದದ ರೇಸ್ ಟ್ರ್ಯಾಕ್ ಇರುವುದು ಅಲ್ಲಿ. ಕೆಎ 03 ಅಥವಾ ಕೆಎ 53 ನಂಬರ್ ಪ್ಲೇಟಿನ, ಅಂದರೆ ಬೆಂಗಳೂರು ಪೂರ್ವ ಇಲ್ಲವೇ ಕೆ.ಆರ್. ಪುರ ಆರ್‌ಟಿಒದಲ್ಲಿ ನೋಂದಣಿಯಾದ ಸೂಪರ್‌ಬೈಕೊಂದು ತನ್ನ ಪೂರ್ತಿ ಶಕ್ತಿಯನ್ನು ಕಾನೂನು ಮುರಿಯದೆ ತೋರಿಸಬಹುದಾದ ಜಾಗಗಳಲ್ಲಿ ಹತ್ತಿರದ್ದು ಇದು. ಇನ್ನೊಂದು ದಾರಿ ಎಂದರೆ ಕೊಯಮತ್ತೂರು. ಕರ್ನಾಟಕದೊಳಗೆ ಲೀಟರ್ ಎಂಜಿನ್ನಿನ ರೇಸ್ ಬೈಕಿಗೆ ತಕ್ಕ ಪೂರ್ಣ ಪ್ರಮಾಣದ ಟ್ರ್ಯಾಕ್ ಒಂದೂ ಇಲ್ಲ. ಅತಿ ದುಬಾರಿಯ, ಬೆರಳೆಣಿಕೆಯಷ್ಟೇ ತಯಾರಾಗುವ ಸೂಪರ್‌ಬೈಕುಗಳು ಓಡಿಸುವುದಕ್ಕೋ ಕೂಡಿಡುವುದಕ್ಕೋ ಎಂಬ ವಾದವನ್ನು ಶುರು ಮಾಡುವವರು ಸಾಮಾನ್ಯವಾಗಿ ಮಾಲೀಕನ ಗುಣಸ್ವಭಾವದಿಂದ ಶುರು ಮಾಡುತ್ತಾರೆ: ಓಡಿಸುವವನು ನಿಜವಾದ ಸವಾರ, ಮುಚ್ಚಿಡುವವನು ದುಡ್ಡಿನ ಸೊಕ್ಕಿನವನು. ನನಗೆ ಈ ನೈತಿಕ ವಿಂಗಡಣೆಯೇ ತಪ್ಪು ಅನ್ನಿಸುತ್ತದೆ. ಇಂಥ ಗಾಡಿ ಗ್ಯಾರೇಜಿನಲ್ಲಿ ಉಳಿಯುತ್ತದೋ ಹೊರಗೆ ಬರುತ್ತದೋ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಟ್ರ್ಯಾಕು, ಬಿಡಿಭಾಗ, ಮೆಕ್ಯಾನಿಕ್ಕು, ತೆರಿಗೆ. ನಮ್ಮೂರಿನಲ್ಲಿ ಸಂಗ್ರಹಕಾರ ಎನ್ನಿಸಿಕೊಂಡವರಲ್ಲಿ ಹೆಚ್ಚಿನವರು ಬೇರೆ ದಾರಿಯಿಲ್ಲದೆ ಸಂಗ್ರಹಕಾರರಾದವರು.

ಯಾವ ಗಾಡಿಗಳ ಮಾತು ಇದು ಎಂಬುದು ಮೊದಲು ಸ್ಪಷ್ಟವಾಗಲಿ. ಹದಿನೈದು ಇಪ್ಪತ್ತು ಲಕ್ಷದ ಬೈಕುಗಳ ಕಥೆ ಬೇರೆ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ವಾರಾಂತ್ಯಕ್ಕೆ ಅವು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಇಲ್ಲಿ ಹೇಳುತ್ತಿರುವುದು ಇಷ್ಟೇ ಎಂದು ಎಣಿಸಿ ಮಾಡಿ, ಮೈಮೇಲೆ ಕ್ರಮಸಂಖ್ಯೆ ಬರೆದು ಮಾರುವ ಗಾಡಿಗಳ ಬಗ್ಗೆ. ಡುಕಾಟಿ ಕಂಪನಿ ತನ್ನ ಮೋಟೊಜಿಪಿ ರೇಸ್ ಬೈಕನ್ನೇ ರಸ್ತೆಗೆ ಒಗ್ಗಿಸಿ 2007-08ರಲ್ಲಿ ಡೆಸ್ಮೊಸೆಡಿಚಿ ಆರ್‌ಆರ್ ಎಂದು 1,500 ಗಾಡಿ ಮಾಡಿತು. ಬೆಲೆ 72,500 ಡಾಲರ್. ಹೋಂಡಾ 2015ರಲ್ಲಿ ಅದೇ ಕೆಲಸವನ್ನು ಆರ್‌ಸಿ213ವಿ-ಎಸ್ ಹೆಸರಿನಲ್ಲಿ ಮಾಡಿ 1,84,000 ಡಾಲರ್ ಕೇಳಿತು. 2017ರಲ್ಲಿ ಬಂದ ಡುಕಾಟಿ 1299 ಸೂಪರ್‌ಲೆಜೆರಾ ಲೋಕಕ್ಕೆಲ್ಲ 500. ಫ್ರೇಮಿನಿಂದ ಚಕ್ರದವರೆಗೆ ಕಾರ್ಬನ್ ಫೈಬರ್, 215 ಅಶ್ವಶಕ್ತಿ, ಭಾರತದ ಶೋರೂಮಿನಲ್ಲಿ 1.12 ಕೋಟಿ ರೂಪಾಯಿ. ಅದೇ ವರ್ಷದ ಬಿಎಂಡಬ್ಲ್ಯು ಎಚ್‌ಪಿ4 ರೇಸ್ 750 ಮಾತ್ರ. ಇಲ್ಲಿ 85 ಲಕ್ಷ, ಅದೂ ರಸ್ತೆಗಿಳಿಸುವಂತಿಲ್ಲದ, ಟ್ರ್ಯಾಕಿಗಷ್ಟೇ ಮೀಸಲಾದ ಗಾಡಿ. ಇವುಗಳಲ್ಲಿ ಒಂದೂ ಹಜಾರದ ಮೂಲೆಯಲ್ಲಿ ನಿಲ್ಲಿಸಲೆಂದು ಹುಟ್ಟಿದ್ದಲ್ಲ. ಪ್ರತಿಯೊಂದರ ಹಿಂದೆಯೂ ಸೆಕೆಂಡಿನ ಹತ್ತನೇ ಒಂದು ಪಾಲನ್ನು ಉಳಿಸುವುದಕ್ಕೆ ತಲೆ ಕೆಡಿಸಿಕೊಂಡ ಎಂಜಿನಿಯರುಗಳಿದ್ದಾರೆ. ಟೈಟಾನಿಯಂ ಬೋಲ್ಟನ್ನು ನೋಡಿ ಆನಂದಿಸಲಿ ಎಂದು ಯಾರೂ ಹಾಕುವುದಿಲ್ಲ. ಕೆಲವು ಗ್ರಾಂ ತೂಕ ಇಳಿಯಲಿ ಎಂದು ಹಾಕುತ್ತಾರೆ.

ಸೀಮಿತ ಸಂಖ್ಯೆ ಎಂಬ ಕಲ್ಪನೆಯ ಮೂಲ ಹುಡುಕಿದರೆ ಅದೂ ರೇಸಿಗೇ ಹೋಗಿ ಮುಟ್ಟುತ್ತದೆ. 1988ರಲ್ಲಿ ವಿಶ್ವ ಸೂಪರ್‌ಬೈಕ್ ಚಾಂಪಿಯನ್‌ಷಿಪ್ ಆರಂಭವಾದಾಗ ನಿಯಮ ಹೀಗಿತ್ತು: ರೇಸಿಗೆ ತರುವ ಬೈಕನ್ನು ಕನಿಷ್ಠ ಇಷ್ಟು ಸಂಖ್ಯೆಯಲ್ಲಾದರೂ ತಯಾರಿಸಿ ಜನರಿಗೆ ಮಾರಿರಬೇಕು. ಕಂಪನಿಗಳು ಗೆಲ್ಲುವ ಗಾಡಿ ಮಾಡಿ, ನಿಯಮದ ಬಾಯಿ ಮುಚ್ಚಿಸಲು ಬೇಕಾದಷ್ಟನ್ನು ಸಾರ್ವಜನಿಕರಿಗೆ ಕೊಟ್ಟವು. ಹೋಂಡಾದ ವಿಎಫ್‌ಆರ್750ಆರ್, ಅಭಿಮಾನಿಗಳ ಬಾಯಲ್ಲಿ ಆರ್‌ಸಿ30, ಹೀಗೆ ಬಂದದ್ದು. ಮೊದಲ ಎರಡು ವರ್ಷದ ವಿಶ್ವ ಕಿರೀಟವನ್ನು ಫ್ರೆಡ್ ಮರ್ಕೆಲ್ ಅದರ ಮೇಲೆಯೇ ಗೆದ್ದರು. ಗಮನಿಸಬೇಕಾದ್ದು ಇಷ್ಟು: ಅಂದು ಆ ಸಂಖ್ಯೆ ಕೆಳಗಿನ ಮಿತಿ. ಇದಕ್ಕಿಂತ ಕಡಿಮೆ ಮಾಡಬಾರದು ಎಂಬ ಕಟ್ಟು. ಇಂದು ಅದೇ ಸಂಖ್ಯೆ ಮೇಲಿನ ಮಿತಿ. ಇದಕ್ಕಿಂತ ಹೆಚ್ಚು ಮಾಡುವುದಿಲ್ಲ ಎಂಬ ಜಾಹೀರಾತು. ಈ ತಿರುವು ಯಾವಾಗ ಆಯಿತು ಎಂದು ಕರಾರುವಾಕ್ಕಾಗಿ ಗೆರೆ ಎಳೆಯಲಾಗದು. ಆದರೆ 2000ದ ಜನವರಿ 1ರಂದು ಡುಕಾಟಿ ತನ್ನ ಎಂಎಚ್900ಇ ಬೈಕನ್ನು ಇಂಟರ್ನೆಟ್ಟಿನಲ್ಲಿ ಮಾತ್ರ ಮಾರಾಟಕ್ಕಿಟ್ಟು, ಮೊದಲ 500 ಗಾಡಿಗಳು ಅರ್ಧ ಗಂಟೆಯ ಆಸುಪಾಸಿನಲ್ಲಿ ಖಾಲಿಯಾದಾಗ, ಗಾಡಿಯ ಜೊತೆಗೆ ಅದರ ವಿರಳತೆಯನ್ನೂ ಮಾರಬಹುದು ಎಂಬುದು ಉದ್ಯಮಕ್ಕೆ ಮನದಟ್ಟಾಯಿತು.

ಈ ಪಾಠ ನಮ್ಮಲ್ಲಿಗೆ ಬರಲು ತಡವಾಯಿತಷ್ಟೇ. 2018ರಲ್ಲಿ ರಾಯಲ್ ಎನ್‌ಫೀಲ್ಡ್ ಎರಡನೇ ಮಹಾಯುದ್ಧದ ನೆನಪಿನಲ್ಲಿ ಕ್ಲಾಸಿಕ್ 500 ಪೆಗಾಸಸ್ ಎಂದು 1,000 ಬೈಕು ಮಾಡಿ, 250ನ್ನು ಭಾರತಕ್ಕೆ ಮೀಸಲಿಟ್ಟಿತು. ಆನ್‌ಲೈನ್ ಮಾರಾಟ 178 ಸೆಕೆಂಡಿನಲ್ಲಿ ಮುಗಿಯಿತು. ಎಂಜಿನ್ನು ಮಾಮೂಲಿ ಕ್ಲಾಸಿಕ್ 500ರದೇ. ಬಣ್ಣ, ಚೀಲ, ಸಂಖ್ಯೆ ಬೇರೆ. ಕೆಲವೇ ವಾರದಲ್ಲಿ ಕಂಪನಿ ಅದಕ್ಕಿಂತ ಎಷ್ಟೋ ಅಗ್ಗದ ಸಿಗ್ನಲ್ಸ್ ಮಾದರಿಯನ್ನು ಅಂಥದೇ ಸೈನಿಕ ಛಾಯೆಯಲ್ಲಿ, ಪೆಗಾಸಸ್‌ಗೆ ಕೊಡದಿದ್ದ ಎಬಿಎಸ್ ಬ್ರೇಕಿನ ಸಮೇತ ಬಿಟ್ಟಾಗ ಕೊಂಡವರು ಕೆಂಡವಾದರು. ಅವರ ಸಿಟ್ಟು ನ್ಯಾಯದ್ದೇ. ಆದರೂ ಒಂದು ಮಾತು ಹೇಳಬೇಕು: ಬ್ರೇಕನ್ನು ನೋಡಿ ಕೊಂಡಿದ್ದರೆ 178 ಸೆಕೆಂಡಿನಲ್ಲಿ ಕೊಳ್ಳುತ್ತಿರಲಿಲ್ಲ. ಸೂಪರ್‌ಬೈಕಲ್ಲದ ಪೆಗಾಸಸ್ ಇಲ್ಲಿ ಬಂದದ್ದು ಒಂದು ವ್ಯತ್ಯಾಸ ತೋರಿಸಲು. ಬಣ್ಣ ಬಳಿದು ಸಂಖ್ಯೆ ಕೊಟ್ಟ ಗಾಡಿ ಒಂದು ಬಗೆ. ಅದನ್ನು ಓಡಿಸಿದರೂ ಒಂದೇ, ನಿಲ್ಲಿಸಿದರೂ ಒಂದೇ, ಯಾಕೆಂದರೆ ಅದು ಮಾಡುವ ಕೆಲಸವನ್ನು ಪಕ್ಕದ ಮನೆಯ ಮಾಮೂಲಿ ಗಾಡಿಯೂ ಮಾಡುತ್ತದೆ. ಬೇರೆ ಯಾವ ಗಾಡಿಯೂ ಮಾಡಲಾಗದ್ದನ್ನು ಮಾಡಲೆಂದೇ ಕಟ್ಟಿದ್ದು ಇನ್ನೊಂದು ಬಗೆ. ಓಡಿಸಬೇಕೋ ಇಡಬೇಕೋ ಎಂಬ ಪ್ರಶ್ನೆಗೆ ತೂಕ ಬರುವುದು ಎರಡನೆಯದರಲ್ಲಿ ಮಾತ್ರ.

ಈಗ ಆ ಎರಡನೆಯ ಬಗೆಯದನ್ನು ಬೆಂಗಳೂರಿನ ಪೂರ್ವ ದಿಕ್ಕಿನ ರಸ್ತೆಗೆ ಇಳಿಸಿ ನೋಡೋಣ. 2022ರ ಟಾಮ್‌ಟಾಮ್ ಸಂಚಾರ ವರದಿಯಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ 10 ಸೆಕೆಂಡ್ ಹಿಡಿಯುತ್ತಿತ್ತು. ಅಂದರೆ ಗಂಟೆಗೆ ಸುಮಾರು 20 ಕಿ.ಮೀ. ವೇಗ. 215 ಅಶ್ವಶಕ್ತಿಯ ಎಂಜಿನ್ನಿಗೆ ಇದು ಸಹಜ ವೇಗವಲ್ಲ. ರೇಡಿಯೇಟರಿಗೆ ಎದುರು ಗಾಳಿ ಸಿಗದೆ ಫ್ಯಾನ್ ಒಂದೇ ಸಮ ತಿರುಗುತ್ತದೆ, ಸೀಟಿನ ಕೆಳಗಿನ ಎಕ್ಸಾಸ್ಟ್ ಬಿಸಿ ತೊಡೆಗೆ ಬಡಿಯುತ್ತದೆ, ಒಣ ಕ್ಲಚ್ ಇರುವ ಗಾಡಿಯಾದರೆ ಹಲಸೂರಿನಿಂದ ಟಿನ್ ಫ್ಯಾಕ್ಟರಿವರೆಗೆ ಅರ್ಧ ಹಿಡಿದ ಕ್ಲಚ್ಚೇ ಸವೆದುಹೋಗುತ್ತದೆ. ಮೆಟ್ರೊದ ನೇರಳೆ ಮಾರ್ಗ 2023ರಲ್ಲಿ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್‌ವರೆಗೆ ಹೋದ ಮೇಲೆ ಕೋಟಿ ರೂಪಾಯಿಯ ಬೈಕಿಗಿಂತ ಟೋಕನ್ ತೆಗೆದುಕೊಂಡವನು ಬೇಗ ತಲುಪುತ್ತಾನೆ ಎನ್ನುವುದರಲ್ಲಿ ಉತ್ಪ್ರೇಕ್ಷೆ ಇಲ್ಲ. ಊರು ದಾಟಿದ ಮೇಲಾದರೂ? ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ವೇಗ ಬೈಕಿಗೆ ನಾಲ್ಕು ಪಥದ ವಿಭಜಿತ ಹೆದ್ದಾರಿಯಲ್ಲಿ 80, ನಗರದೊಳಗೆ 60. ಇಂಥ ಬೈಕುಗಳು ಮೊದಲ ಗೇರಿನಲ್ಲೇ ನೂರನ್ನು ದಾಟುತ್ತವೆ. ಆರು ಗೇರಿಗೆ ಹಣ ಕೊಟ್ಟವನು ಕಾನೂನಿನ ಪ್ರಕಾರ ಒಂದನ್ನೂ ಪೂರ್ತಿ ಬಳಸುವಂತಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕಂತೂ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವೇ ಇಲ್ಲ. ಅಲ್ಲಿ ಸ್ಕೂಟಿಗೂ ಸೂಪರ್‌ಲೆಜೆರಾಗೂ ಸರ್ವಿಸ್ ರಸ್ತೆಯೇ ಗತಿ.

ಭಾನುವಾರ ಬೆಳಗಿನ ಜಾವ ಐದಕ್ಕೆ ಎದ್ದು ನಂದಿಬೆಟ್ಟಕ್ಕೋ ಕೋಲಾರದ ಕಡೆಗೋ ಹೊರಡುವ ಸೂಪರ್‌ಬೈಕ್ ಗುಂಪುಗಳನ್ನು ತೋರಿಸಿ, ಓಡಿಸುವವರು ಓಡಿಸುತ್ತಲೇ ಇದ್ದಾರಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಇದ್ದಾರೆ. ಆದರೆ ಅದು ಒಂದೋ ಗಾಡಿಯ ಹತ್ತರಲ್ಲಿ ಒಂದು ಪಾಲನ್ನೂ ಮುಟ್ಟದ, ತಿಂಡಿಗೆ ಹೋಗಿಬರುವ ಸವಾರಿ. ಇಲ್ಲವೇ ತರಕಾರಿ ಟೆಂಪೊ, ಹಾಲಿನ ಗಾಡಿ, ರಸ್ತೆ ದಾಟುವ ಜನ ಇರುವ ಹೆದ್ದಾರಿಯಲ್ಲಿ 200ರ ಮೇಲೆ ಹೊಡೆಯುವ ಅಪರಾಧ. ಎರಡನೆಯದನ್ನು ಸವಾರಿ ಎಂದು ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ. ಇಂಥ ಗಾಡಿ ಓಡಿಸುವುದಕ್ಕೇ ಇರುವುದು ಎಂದು ವಾದಿಸುವವರು ಎಲ್ಲಿ ಓಡಿಸಬೇಕು ಎಂಬುದನ್ನು ಹೇಳದೆ ಜಾರಿಕೊಳ್ಳುವುದು ಸರಿಯಲ್ಲ. ಉತ್ತರ ಇರುವುದು ಟ್ರ್ಯಾಕಿನಲ್ಲಿ, ಮತ್ತು ಟ್ರ್ಯಾಕ್ ನಮ್ಮಲ್ಲಿಲ್ಲ. ಜಕ್ಕೂರಿನ ವಿಮಾನ ನಿಲ್ದಾಣದಲ್ಲಿ ನೇರ ಓಟದ ಡ್ರ್ಯಾಗ್ ಸ್ಪರ್ಧೆಗಳು ನಡೆದದ್ದುಂಟು. ಕೋಲಾರದ ಕಡೆ ಬಿಗ್ ರಾಕ್ ಎಂಬ ಮಣ್ಣಿನ ಟ್ರ್ಯಾಕ್ ಇದೆ. 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ್ದು. 2019ರಲ್ಲಿ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆಯೂ ಈ ಊರಿನವರೇ. ಇಂಥ ಸವಾರರನ್ನು ಕೊಟ್ಟ ರಾಜಧಾನಿ ಡಾಂಬರಿನ ಟ್ರ್ಯಾಕಿಗೆ ಇನ್ನೊಂದು ರಾಜ್ಯಕ್ಕೆ ಹೋಗಬೇಕಾಗಿರುವುದು ವಿಚಿತ್ರ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕೀಟಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಮೋಟೊಜಿಪಿ ನಡೆದಾಗ ಇಲ್ಲಿಂದ ವಿಮಾನ ಹತ್ತಿ ಹೋದವರಿಗೆ ಆ ವಿಚಿತ್ರ ಚೆನ್ನಾಗಿ ಅರ್ಥವಾಗಿರುತ್ತದೆ.

ಬಿಎಂಡಬ್ಲ್ಯು ಎಚ್‌ಪಿ4 ರೇಸ್ ಈ ಇಕ್ಕಟ್ಟನ್ನು ಬೆತ್ತಲಾಗಿ ತೋರಿಸುತ್ತದೆ. ಅದರ ಎಂಜಿನ್ನಿನ ಆಯಸ್ಸು 5,000 ಕಿ.ಮೀ. ಎಂದು ಕಂಪನಿಯೇ ಹೇಳಿತ್ತು. ಅಷ್ಟಾದ ಮೇಲೆ ಎಂಜಿನ್ ಬದಲಿಸಬೇಕು. ಇರುಂಗಾಟ್ಟುಕೋಟ್ಟೈಯ ಲೆಕ್ಕದಲ್ಲಿ ಇದು 1,350 ಸುತ್ತುಗಳ ಹತ್ತಿರ. ದಿನಕ್ಕೆ 80 ಸುತ್ತು ಹೊಡೆಯುವ ಗಟ್ಟಿ ಸವಾರನಾದರೆ ಹದಿನೇಳು ದಿನ. ನೋಂದಣಿಯೇ ಇಲ್ಲದ ಗಾಡಿಯಾದ್ದರಿಂದ ಪ್ರತಿ ಸಲವೂ ಬೆಂಗಳೂರಿನಿಂದ ಟ್ರಕ್ಕಿನಲ್ಲಿ ಕಟ್ಟಿ ಸಾಗಿಸಬೇಕು. ಟೈರ್ ಬೆಚ್ಚಗಿಡುವ ಹೊದಿಕೆ, ಸ್ಟ್ಯಾಂಡು, ಗೊತ್ತಿರುವ ಮೆಕ್ಯಾನಿಕ್ಕು ಜೊತೆಗೆ ಹೋಗಬೇಕು. 85 ಲಕ್ಷದ ವಸ್ತುವನ್ನು ಹದಿನೇಳು ದಿನದಲ್ಲಿ ಖರ್ಚು ಮಾಡಲು ಯಾರಿಗೆ ಮನಸ್ಸು ಬರುತ್ತದೆ ಎಂದು ಕೂಡಿಡುವ ಪಕ್ಷದವರು ಕೇಳುತ್ತಾರೆ. ಅವರ ವಾದದಲ್ಲಿ ಗಟ್ಟಿ ಎಂದರೆ ಇದೇ. ನನ್ನ ಉತ್ತರ ಇಷ್ಟು: ಮುಗಿದುಹೋಗುವುದು ಎಂಜಿನ್ನೇ ಹೊರತು ಗಾಡಿಯಲ್ಲ, ಬದಲಿಸಲೆಂದೇ ಅದನ್ನು ರೂಪಿಸಿರುವುದು. ಯುರೋಪಿನ ಮಾಲೀಕನಿಗೆ ಒಂದೆರಡು ಗಂಟೆಯ ದೂರದಲ್ಲಿ ಟ್ರ್ಯಾಕು, ಕಂಪನಿಯ ತಂತ್ರಜ್ಞ, ಬದಲಿ ಎಂಜಿನ್ ಇದ್ದಾಗ ಈ ಹದಿನೇಳು ದಿನದ ಲೆಕ್ಕ ದುಬಾರಿ ಹವ್ಯಾಸದ ಲೆಕ್ಕ. ನಮ್ಮಲ್ಲಿ ಅದೇ ಲೆಕ್ಕ ಹುಚ್ಚಿನಂತೆ ಕಾಣುತ್ತದೆ. ಗಾಡಿ ಒಂದೇ, ಸುತ್ತಲಿನ ವ್ಯವಸ್ಥೆ ಬೇರೆ.

ನಿಲ್ಲಿಸಿದ ಗಾಡಿ ಕೆಡುವುದಿಲ್ಲ ಎಂಬ ನಂಬಿಕೆಯೂ ಅರೆಬೆಂದದ್ದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ; ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ನೀರು ತಳಕ್ಕಿಳಿಯುತ್ತದೆ. ಬ್ರೇಕ್ ಆಯಿಲ್ ಕೂಡ ತೇವ ಕುಡಿಯುವ ಜಾತಿಯದೇ, ಓಡಿಸಿದರೂ ಓಡಿಸದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹಳೆಯ ಡುಕಾಟಿಗಳ ಕ್ಯಾಮ್ ಬೆಲ್ಟಿಗೂ ಕಿಲೋಮೀಟರಿನ ಜೊತೆಗೆ ವರ್ಷದ ಗಡುವಿದೆ. ಟೈರ್ ಒಂದೇ ಕಡೆ ಭಾರ ಹೊತ್ತು ಚಪ್ಪಟೆಯಾಗುತ್ತದೆ, ಫೋರ್ಕಿನ ಸೀಲ್ ಒಣಗಿ ಬಿರಿಯುತ್ತದೆ, ಬ್ಯಾಟರಿ ಸಾಯುತ್ತದೆ. ಸರಿಯಾಗಿ ಕೂಡಿಡುವುದೂ ಓಡಿಸಿದಷ್ಟೇ ಶ್ರಮದ ಕೆಲಸ, ಅದಕ್ಕೂ ಕೈ ಪಳಗಿದ ಮೆಕ್ಯಾನಿಕ್ ಬೇಕು.

ಮೆಕ್ಯಾನಿಕ್ಕಿನ ಮಾತು ಬಂದಾಗ ಶಿವಾಜಿನಗರವನ್ನು ನೆನೆಯದೆ ಮುಂದೆ ಹೋಗಲಾಗದು. ಅಲ್ಲಿನ ಗುಜರಿ ಅಂಗಡಿಗಳಲ್ಲಿ ಬಿಚ್ಚಿದ ಗಾಡಿಗಳ ಕಾರ್ಬುರೇಟರು, ಕ್ರ್ಯಾಂಕು, ಹೆಡ್‌ಲೈಟ್ ಬಟ್ಟಲು ರಾಶಿ ಬಿದ್ದಿರುತ್ತವೆ. 1996ರಲ್ಲಿ ನಿಂತುಹೋದ ಯಮಾಹಾ ಆರ್‌ಎಕ್ಸ್ 100, ಅದಕ್ಕೂ ಮೊದಲೇ ನಿಂತ ರಾಜ್‌ದೂತ್ 350 ಇಂದಿಗೂ ಬೆಂಗಳೂರಿನ ರಸ್ತೆಯಲ್ಲಿ ಹೊಗೆ ಬಿಡುತ್ತ ಓಡುತ್ತಿದ್ದರೆ ಅದಕ್ಕೆ ಇಂಥ ಗುಜರಿಗಳೂ, ಕೈಯಲ್ಲೇ ಪೋರ್ಟ್ ತೀಡಬಲ್ಲ ಹಳೆಯ ಮೆಕ್ಯಾನಿಕ್‌ಗಳೂ ಕಾರಣ. ಇದಕ್ಕಿಂತ ದೊಡ್ಡ ಉದಾಹರಣೆ ಮೈಸೂರಿನದು. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳಿಗೆ 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ದಿಕ್ಕಿರಲಿಲ್ಲ. ಆದರೂ ಪ್ರತಿ ಜುಲೈನ ಎರಡನೇ ಭಾನುವಾರ, ಅಂತರರಾಷ್ಟ್ರೀಯ ಜಾವಾ ದಿನದಂದು, ಬೆಂಗಳೂರು ಮೈಸೂರುಗಳಲ್ಲಿ ಅವು ಸಾಲುಗಟ್ಟಿ ರಸ್ತೆಗೆ ಬರುತ್ತವೆ. ಅವುಗಳ ಮಾಲೀಕರನ್ನು ಸಂಗ್ರಹಕಾರರೇ ಸವಾರರೇ ಎಂದು ಕೇಳಿದರೆ ನಗುತ್ತಾರೆ. ಇಬ್ಬರೂ ಅವರೇ. ಬಿಡಿಭಾಗ ಸಿಗುತ್ತದೆ, ರಿಪೇರಿ ಗೊತ್ತಿದೆ, ಬಿದ್ದರೆ ತಟ್ಟಿ ನೆಟ್ಟಗೆ ಮಾಡಬಹುದು. ಆದ್ದರಿಂದ ಓಡಿಸುವುದಕ್ಕೂ ಕಾಪಾಡುವುದಕ್ಕೂ ಜಗಳವೇ ಹುಟ್ಟುವುದಿಲ್ಲ. ಕಾರ್ಬನ್ ಫೈಬರ್ ಫ್ರೇಮಿಗೆ ಈ ಸವಲತ್ತಿಲ್ಲ. ಟಿನ್ ಫ್ಯಾಕ್ಟರಿಯ ಬಳಿ ಆಟೊ ತಾಗಿ ಒಂದು ಸೀಳು ಬಿದ್ದರೆ ಶಿವಾಜಿನಗರದ ಯಾವ ಉಸ್ತಾದನೂ ಅದನ್ನು ಬೆಸೆಯಲಾರ. ಇಟಲಿಯಿಂದ ಬರಬೇಕು, ಬರುವವರೆಗೆ ಗಾಡಿ ಬೊಂಬೆ. ಓಡಿಸದಿರುವವನನ್ನು ಹೇಡಿ ಎನ್ನುವ ಮೊದಲು ಈ ಭಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತೆರಿಗೆಯ ಕಥೆ ಬೇರೆ ರೀತಿಯಲ್ಲಿ ವಿಚಿತ್ರ. ಪೂರ್ತಿ ಜೋಡಿಸಿ ತರುವ ಬೈಕಿನ ಮೇಲೆ ಕಸ್ಟಮ್ಸ್ ಸುಂಕ 2018ರಲ್ಲಿ ಶೇ 50ಕ್ಕೆ ಇಳಿಯಿತು, 2025ರ ಬಜೆಟ್ಟಿನಲ್ಲಿ 1,600 ಸಿಸಿವರೆಗಿನವಕ್ಕೆ ಶೇ 40 ಆಯಿತು. ಅದೇ ವರ್ಷ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳ ಜಿಎಸ್‌ಟಿ ಶೇ 40ಕ್ಕೆ ಏರಿತು. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಲಕ್ಷ ರೂಪಾಯಿ ಮೀರಿದ ಬೈಕಿಗೆ ಶೇ 18, ಸೆಸ್ ಪ್ರತ್ಯೇಕ. 1.12 ಕೋಟಿಯ ಗಾಡಿಗೆ ಇದು ಸೆಸ್ ಬಿಟ್ಟೇ 20 ಲಕ್ಷ ದಾಟುತ್ತದೆ. ಹೆಸರು ರಸ್ತೆ ತೆರಿಗೆ, ಆದರೆ ವರ್ಷಕ್ಕೆ ನೂರು ಕಿ.ಮೀ. ಓಡಿದರೂ ಅಷ್ಟೇ, ಹತ್ತು ಸಾವಿರ ಓಡಿದರೂ ಅಷ್ಟೇ. ಕೊಟ್ಟ ತೆರಿಗೆ ವಸೂಲಾಗಲಿ ಎಂದು ಓಡಿಸುವವರು ಇದ್ದಿರಬಹುದು, ಅಂಥವರು ವಿರಳ. ಹೆಚ್ಚಿನವರ ಮನಸ್ಸು ತದ್ವಿರುದ್ಧ ದಿಕ್ಕಿಗೆ ಓಡುತ್ತದೆ: ಇಷ್ಟು ಸುರಿದ ಮೇಲೆ ಗೀರು ಬೀಳಬಾರದು. ಅತ್ತೆ ಕೊಟ್ಟ ಕಂಚಿ ಸೀರೆ ಬೀರುವಿನಲ್ಲೇ ಮಡಿಕೆ ಹರಿಯುವಂತೆ, ಬೆಲೆ ಹೆಚ್ಚಿದಷ್ಟೂ ಬಳಕೆ ಕುಗ್ಗುತ್ತದೆ.

ಬಂಡವಾಳದ ವಾದಕ್ಕೆ ಬರೋಣ. ಅಪರೂಪದ ಬೈಕಿನ ಬೆಲೆ ಏರುತ್ತದೆ, ಓಡೊಮೀಟರಿನಲ್ಲಿ ಸಂಖ್ಯೆ ಕಡಿಮೆಯಿದ್ದಷ್ಟೂ ಹೆಚ್ಚು ಏರುತ್ತದೆ, ಆದ್ದರಿಂದ ಮುಚ್ಚಿಡುವುದೇ ಜಾಣತನ ಎನ್ನುವವರಿದ್ದಾರೆ. ಹೊರದೇಶದ ಹರಾಜುಗಳಲ್ಲಿ, ಓಡಿಸದೆ ಇಟ್ಟ ಆರ್‌ಸಿ30ಗೆ ಓಡಿಸಿದ್ದಕ್ಕಿಂತ ಹೆಚ್ಚು ಬೆಲೆ ಬರುವುದು ನಿಜ. ಆದರೆ ಆ ಬೆಲೆ ಎಲ್ಲಿಂದ ಬಂತು? ಮರ್ಕೆಲ್ ಥರದವರು ಅದೇ ಮಾದರಿಯನ್ನು ಓಡಿಸಿ ಗೆದ್ದದ್ದರಿಂದ. ಮುಚ್ಚಿಟ್ಟ ಗಾಡಿ ಓಡಿದ ಗಾಡಿಗಳ ಕೀರ್ತಿಯನ್ನು ಸಾಲ ತಂದು ಬದುಕುತ್ತದೆ. ಇನ್ನೂ ಮೇಲಕ್ಕೆ ಹೋದರೆ ಈ ಸಾಲದ ಗುಟ್ಟು ಬಯಲಾಗುತ್ತದೆ. 2018ರ ಜನವರಿಯಲ್ಲಿ ಲಾಸ್ ವೇಗಸ್‌ನ ಬಾನಮ್ಸ್ ಹರಾಜಿನಲ್ಲಿ 9,29,000 ಡಾಲರಿಗೆ ಹೋಗಿ ಅಂದಿನ ದಾಖಲೆ ಮುರಿದದ್ದು ಒಂದು ವಿನ್ಸೆಂಟ್ ಬ್ಲ್ಯಾಕ್ ಲೈಟ್ನಿಂಗ್. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದಲ್ಲ. 1953ರಲ್ಲಿ ಜ್ಯಾಕ್ ಎಹ್ರೆಟ್ ಎಂಬ ಆಸ್ಟ್ರೇಲಿಯನ್ ಸವಾರ ಅದರ ಮೇಲೆ ತನ್ನ ದೇಶದ ವೇಗದಾಖಲೆ ಮಾಡಿದ್ದ, ವರ್ಷಗಟ್ಟಲೆ ರೇಸ್ ಮಾಡಿ ಹಣ್ಣುಮಾಡಿದ್ದ. ಕೊಂಡವರು ಹಣ ಸುರಿದದ್ದು ಆ ಓಟಗಳಿಗೆ. ಬ್ರೌ ಸುಪೀರಿಯರ್ ಎಂಬ ಹೆಸರು ಇಂದಿಗೂ ಮಿನುಗುವುದರಲ್ಲಿ, ಒಂದರ ಹಿಂದೊಂದು ಕೊಂಡು ಓಡಿಸಿ 1935ರಲ್ಲಿ ಅದರ ಮೇಲಿಂದಲೇ ಬಿದ್ದು ಸತ್ತ ಟಿ.ಇ. ಲಾರೆನ್ಸ್ ಪಾಲೂ ಇದೆ. ನಮ್ಮ ಕಂಟೋನ್ಮೆಂಟಿನ ಅಂಚಿನಲ್ಲೇ, ಅಗರಂ ಬಳಿಯ ಸೇನಾ ಸರಬರಾಜು ದಳದ ಕೇಂದ್ರದಲ್ಲಿ, ಟೊರ್ನಾಡೋಸ್ ಎಂಬ ಬೈಕ್ ಸಾಹಸ ತಂಡವಿದೆ. 2017ರ ನವೆಂಬರ್ 19ರಂದು ಯಲಹಂಕದ ವಾಯುನೆಲೆಯಲ್ಲಿ ಅದರ 58 ಸೈನಿಕರು ಒಂದೇ 500 ಸಿಸಿ ರಾಯಲ್ ಎನ್‌ಫೀಲ್ಡ್ ಮೇಲೆ ಹತ್ತಿ 1,200 ಮೀಟರ್ ಓಡಿಸಿ ವಿಶ್ವದಾಖಲೆ ಮಾಡಿದರು. ಆ ಬೈಕಿಗೆ ಕ್ರಮಸಂಖ್ಯೆಯ ಫಲಕ ಇರಲಿಲ್ಲ. ನಾಳೆ ಆ ಸಾಮಾನ್ಯ ಬೈಕೂ ಒಂದೂ ಕಿ.ಮೀ. ಓಡದ ಪೆಗಾಸಸ್ಸೂ ಪಕ್ಕಪಕ್ಕ ಮಾರಾಟಕ್ಕೆ ನಿಂತರೆ ಯಾವುದಕ್ಕೆ ಜನ ಮುಗಿಬೀಳುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದಲ್ಲದೆ ಭಾರತದಲ್ಲಿ ಕೋಟಿ ರೂಪಾಯಿಯ ಹಳೆಯ ಬೈಕು ಕೊಳ್ಳುವವರು ಎಷ್ಟು ಮಂದಿ? ಕೊಟ್ಟ ಸುಂಕವಾಗಲಿ ಜೀವಾವಧಿ ತೆರಿಗೆಯಾಗಲಿ ಮರುಮಾರಾಟದಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಬಂಡವಾಳ ಎಂದೇ ನೋಡುವುದಾದರೆ ಹೊಸಕೋಟೆಯ ದಾರಿಯಲ್ಲಿ ಒಂದು ಸೈಟು ವಾಸಿ.

ಆದರೆ ಕಾಪಿಡುವವರಿಲ್ಲದಿದ್ದರೆ ಮುಂದಿನವರಿಗೆ ನೋಡಲು ಏನು ಉಳಿಯುತ್ತದೆ ಎಂಬ ಆಕ್ಷೇಪವನ್ನು ನಾನು ಗೌರವದಿಂದಲೇ ಕೇಳುತ್ತೇನೆ. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳನ್ನು ನೋಡಿದವರಿಗೆ ಸಂಗ್ರಹದ ಬೆಲೆ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಟಿಕೆಟ್ ಕೊಂಡ ಶಾಲಾ ಮಕ್ಕಳೂ ನೋಡಬಹುದು, ಯಾವ ಕಾಲದ್ದು ಎಂದು ತಿಳಿಯಬಹುದು. ಖಾಸಗಿ ಗ್ಯಾರೇಜಿನ ಬೀಗದ ಹಿಂದಿನ ಬೈಕಿಗೆ ಈ ಸಮರ್ಥನೆ ದಕ್ಕುವುದಿಲ್ಲ. 2023ರ ಜುಲೈನಲ್ಲಿ ನಮ್ಮ ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ ಜೊತೆ ರಾಂಚಿಗೆ ಹೋಗಿ ಮಹೇಂದ್ರ ಸಿಂಗ್ ಧೋನಿಯ ಬೈಕ್ ಮನೆಯ ವಿಡಿಯೊ ಹಾಕಿದಾಗಲೇ ಆ ಎರಡಂತಸ್ತಿನ ಅದ್ಭುತ ಎಂಥದೆಂದು ದೇಶಕ್ಕೆ ಗೊತ್ತಾದದ್ದು. ಪ್ರಸಾದ್ ಅದನ್ನು ಶೋರೂಮಿಗೆ ಹೋಲಿಸಿದ್ದು ಸರಿಯಾಗಿಯೇ ಇತ್ತು. ಧೋನಿ ತಮ್ಮ ಗಾಡಿಗಳನ್ನು ರಾಂಚಿಯ ರಸ್ತೆಯಲ್ಲಿ ಓಡಿಸುತ್ತಾರೆ ಎಂಬುದು ಅವರ ಅಭಿಮಾನಿಗಳಿಗೆಲ್ಲ ತಿಳಿದ ವಿಷಯ. ಅಷ್ಟು ಗಾಡಿಯಿರುವ ಒಬ್ಬ ಮನುಷ್ಯ ಎಲ್ಲವನ್ನೂ ಓಡಿಸಲಾರ ಎಂಬುದೂ ಅಷ್ಟೇ ಸ್ಪಷ್ಟ. ಕಾನೂನಿನ ದೃಷ್ಟಿ ಇಲ್ಲಿ ಕುತೂಹಲದ್ದು. ಕೇಂದ್ರ ಸರ್ಕಾರ 2021ರಲ್ಲಿ ತಂದ ವಿಂಟೇಜ್ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನಕ್ಕೆ ‘ವಿಎ’ ಸರಣಿಯ ಪ್ರತ್ಯೇಕ ನಂಬರ್ ಸಿಗುತ್ತದೆ, ಆದರೆ ಅದನ್ನು ದಿನಬಳಕೆಗೆ ರಸ್ತೆಗೆ ತರುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದಕ್ಕೆ ಅಡ್ಡಿಯಿಲ್ಲ. ಅಂದರೆ ವಸ್ತುವೊಂದು ಸಂಗ್ರಹಯೋಗ್ಯವಾಗಲು ಐವತ್ತು ವರ್ಷ ಬದುಕಿರಬೇಕು ಎಂದು ಸರ್ಕಾರ ಭಾವಿಸಿದೆ. 2017ರ ಸೂಪರ್‌ಲೆಜೆರಾಗೆ ಆ ಯೋಗ್ಯತೆ ಬರುವುದು 2067ರಲ್ಲಿ. ಹುಟ್ಟಿದ ದಿನವೇ ಅದನ್ನು ವಿಂಟೇಜ್ ಮಾಡಲು ಹೊರಡುವುದು ಅವಸರ.

ಉಳ್ಳವರ ಆಟಿಕೆಗೆ ಟ್ರ್ಯಾಕ್ ಕಟ್ಟಿಕೊಡಲು ಸರ್ಕಾರವೇ ಬೇಕೇ ಎಂದು ಕೇಳುವವರಿಗೂ ಒಂದು ಮಾತು. ಟ್ರ್ಯಾಕ್ ಕೋಟಿ ರೂಪಾಯಿಯ ಬೈಕಿಗೆ ಮಾತ್ರ ಬೇಕಾದ್ದಲ್ಲ. ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ, ರಾತ್ರಿ ವರ್ತುಲ ರಸ್ತೆಯಲ್ಲಿ ಎರಡು ಲಕ್ಷದ ಬೈಕನ್ನು ಪ್ರಾಣ ಪಣಕ್ಕಿಟ್ಟು ಹೊಡೆಯುವ ಹುಡುಗರಿಗೂ ಅದು ಬೇಕು. ಶುಲ್ಕ ಕಟ್ಟಿ, ಹೆಲ್ಮೆಟ್ಟು ಲೆದರ್ ಸೂಟು ಹಾಕಿ, ಆಂಬುಲೆನ್ಸ್ ನಿಂತಿರುವ ಜಾಗದಲ್ಲಿ ಒಂದು ಗಂಟೆ ಓಡಿಸಿದವನಿಗೆ ಹೆದ್ದಾರಿಯಲ್ಲಿ ತೋರಿಸಿಕೊಳ್ಳುವ ಚಪಲ ಕಡಿಮೆಯಾಗುತ್ತದೆ ಎಂದು ನಾನು ನಂಬುತ್ತೇನೆ. ಭೂಮಿಯ ಬೆಲೆಯ ದೃಷ್ಟಿಯಿಂದ ನಗರದೊಳಗೆ ಇದು ಆಗದ ಮಾತು. ಕೋಲಾರ ಜಿಲ್ಲೆಯ ಕಡೆ, ಖಾಸಗಿಯವರು ಮುಂದೆ ಬಂದರೆ ಆಗುವ ಮಾತು.

ಕೊನೆಗೆ, ಈ ಊರಿನ ಪೂರ್ವಭಾಗವೇ ಹುಟ್ಟಿಸಿದ ಒಂದು ಲಿಮಿಟೆಡ್ ಎಡಿಷನ್ ಇಡೀ ಚರ್ಚೆಯ ನೆಲೆಯನ್ನೇ ಬದಲಿಸುತ್ತಿದೆ. ದೊಮ್ಮಲೂರಿನ ಒಳವರ್ತುಲ ರಸ್ತೆಯಲ್ಲಿ ಕಚೇರಿ ಇರುವ ಅಲ್ಟ್ರಾವಯೊಲೆಟ್ ಕಂಪನಿ 2022ರ ನವೆಂಬರಿನಲ್ಲಿ ತನ್ನ ಎಫ್77 ಎಲೆಕ್ಟ್ರಿಕ್ ಬೈಕನ್ನು ಮಾರುಕಟ್ಟೆಗೆ ತಂದಾಗ ಜೊತೆಗೆ 77 ಗಾಡಿಗಳ ಲಿಮಿಟೆಡ್ ಮಾದರಿಯನ್ನೂ ಬಿಟ್ಟಿತು. ಬೆಲೆ 5.5 ಲಕ್ಷ; ಅದೇ 10.3 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಾಮೂಲಿ ರೆಕಾನ್ ಮಾದರಿಗಿಂತ ಸುಮಾರು ಒಂದು ಲಕ್ಷ ಹೆಚ್ಚು. ಅದಕ್ಕೆ ಪ್ರತಿಯಾಗಿ ತುಸು ಹೆಚ್ಚು ಶಕ್ತಿ, ಬೇರೆ ಬಣ್ಣ, ಒಂದು ಸಂಖ್ಯೆ. ಮರುವರ್ಷ ಚಂದ್ರಯಾನ-3ರ ನೆಪದಲ್ಲಿ ಹತ್ತೇ ಹತ್ತು ಸ್ಪೇಸ್ ಎಡಿಷನ್ ಬಂದವು. ಎರಡೂ ಬೇಗ ಖಾಲಿಯಾದವು. ಕೋಟಿಯ ಡುಕಾಟಿಗಳ ಪಕ್ಕದಲ್ಲಿ ಇವು ಅಗ್ಗದವೇ. ಆದರೆ ಕೂಡಿಡುವವರಿಗೆ ಇವು ಒಡ್ಡುವ ತೊಡಕು ಡುಕಾಟಿಗಿಂತ ದೊಡ್ಡದು. ಪೆಟ್ರೋಲ್ ಎಂಜಿನ್ನನ್ನು ಆಯಿಲ್ ತುಂಬಿ, ಟ್ಯಾಂಕ್ ಖಾಲಿ ಮಾಡಿ ಇಟ್ಟರೆ ಮೂವತ್ತು ವರ್ಷದ ನಂತರವೂ ಎಬ್ಬಿಸಬಹುದು. ಲಿಥಿಯಂ ಬ್ಯಾಟರಿ ಹಾಗಲ್ಲ. ಬಳಸಿದರೂ ಬಳಸದಿದ್ದರೂ ವರ್ಷ ಕಳೆದಂತೆ ಅದರ ಸಾಮರ್ಥ್ಯ ಇಳಿಯುತ್ತದೆ, ಪೂರ್ತಿ ಚಾರ್ಜ್ ಮಾಡಿ ಬಿಸಿಲ ಶೆಡ್ಡಿನಲ್ಲಿ ನಿಲ್ಲಿಸಿದರೆ ಇನ್ನೂ ಬೇಗ. ಎಫ್77ಗೆ 8 ವರ್ಷ ಅಥವಾ 8 ಲಕ್ಷ ಕಿ.ಮೀ. ಬ್ಯಾಟರಿ ವಾರಂಟಿಯ ಯೋಜನೆಯನ್ನು ಕಂಪನಿ 2024ರಲ್ಲಿ ಪ್ರಕಟಿಸಿತು. ಎಂಟು ವರ್ಷದಲ್ಲಿ ಎಂಟು ಲಕ್ಷ ಮುಟ್ಟಲು ದಿನಕ್ಕೆ 270 ಕಿ.ಮೀ.ಗಿಂತ ಹೆಚ್ಚು ಓಡಿಸಬೇಕು, ಆದ್ದರಿಂದ ವರ್ಷಗಳೇ ಮೊದಲು ಮುಗಿಯುತ್ತವೆ, ಗಾಡಿ ಓಡಿರಲಿ ನಿಂತಿರಲಿ. 77ರಲ್ಲಿ ಒಂದನ್ನು ಕೊಂಡು ಹೊದಿಕೆ ಹಾಕಿಟ್ಟವರು ಕೇಳಿಕೊಳ್ಳಬೇಕಾದ ಪ್ರಶ್ನೆ ಅದರ ಹರಾಜು ಬೆಲೆ ಎಷ್ಟಾಗುತ್ತದೆ ಎಂಬುದಲ್ಲ. 2035ರ ಹೊತ್ತಿಗೆ ಅದೇ ಅಳತೆಯ ಬ್ಯಾಟರಿ, ಅದನ್ನು ಗುರುತಿಸುವ ಸಾಫ್ಟ್‌ವೇರ್ ದೊಮ್ಮಲೂರಿನಲ್ಲಿ ಸಿಗುತ್ತದೆಯೇ ಎಂಬುದು. ಈ ಭರವಸೆಯನ್ನು ಕಂಪನಿಯಿಂದ ಬರಹದಲ್ಲಿ ಪಡೆಯುವವರೆಗೆ ಅವರು ಅದನ್ನು ದಿನಾ ಚಾರ್ಜಿಗೆ ಹಾಕಿ ಆಫೀಸಿಗೆ ತೆಗೆದುಕೊಂಡು ಹೋಗುವುದೇ ಮೇಲು.